ಕಂಬಸಾಲಿನ ಲೆಕ್ಕವನ್ನು ಅಂತರ ಬಿಟ್ಟು ಅಡ್ಡಸಾಲಿಗೆ ಇಳಿಸುವ ಕ್ರಮ



ನಮ್ಮ ಸಂಘದ ತೂಕದ ಕಟ್ಟೆಯಲ್ಲಿ ನೀವು ತಂದ ಹಣ್ಣನ್ನು ತೂಗಿದೊಡನೆ ಗುಮಾಸ್ತರು ಅದನ್ನು ಕಂಪ್ಯೂಟರಿನಲ್ಲಿ ಒಂದರ ಕೆಳಗೊಂದರಂತೆ ಬರೆದುಕೊಳ್ಳುತ್ತಾರೆ. ವರ್ಷದ ಕೊನೆಗೆ ನಿಮ್ಮ ಕೈಗೆ ಬರುವ ಲೆಕ್ಕದ ಹಾಳೆಯಲ್ಲಾದರೋ ಅದೇ ತೂಕಗಳು ಎಡದಿಂದ ಬಲಕ್ಕೆ, ನಡುನಡುವೆ ದರ ಮತ್ತು ಮೊತ್ತದ ಮನೆಗಳನ್ನು ಬಿಟ್ಟುಕೊಂಡು ಬರುತ್ತವೆ. ಕೆಳಮುಖವಾಗಿದ್ದ ಪಟ್ಟಿಯು ಹೀಗೆ ಅಡ್ಡಲಾಗಿ, ಅಂತರ ಬಿಟ್ಟು ನಿಲ್ಲುವುದು ಹೇಗೆ, ಆ ಕೆಲಸದಲ್ಲಿ ತಪ್ಪು ನುಸುಳುವುದು ಎಲ್ಲಿ, ಆ ತಪ್ಪನ್ನು ಸದಸ್ಯರೇ ಹಿಡಿಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಇದು ಕಚೇರಿಯವರ ಕೆಲಸ, ನಮಗೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದ ಕಾಲದಲ್ಲಿ ನಮ್ಮ ತಂದೆಯವರು ಕಂತುಕಂತಾಗಿ ಬರುತ್ತಿದ್ದ ಹಣವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಬಂದ ಕಾಗದಕ್ಕೂ ತಮ್ಮ ಪುಸ್ತಕಕ್ಕೂ ತಾಳೆ ನೋಡದೆ ಬಿಡುತ್ತಿರಲಿಲ್ಲ. 1990ರ ದಶಕದ ಮಧ್ಯದಲ್ಲಿ ಆ ಪದ್ಧತಿ ಮುಗಿಯಿತು. ತಾಳೆ ನೋಡುವ ರೂಢಿ ಮಾತ್ರ ಮುಗಿಯಬಾರದು. ಕಂಪ್ಯೂಟರಿನಿಂದ ಬಂದ ಕಾಗದವೆಂದರೆ ಸರಿಯೇ ಇರಬೇಕೆಂಬ ನಂಬಿಕೆ ಈಗ ಎಲ್ಲೆಡೆ ಬೆಳೆದಿದೆ. ಆ ನಂಬಿಕೆಯಿಂದ ನಾನೇ ಒಮ್ಮೆ ಪೇಚಿಗೆ ಸಿಕ್ಕಿದ ಸಂಗತಿಯನ್ನು ಮುಂದೆ ಹೇಳಲಿದ್ದೇನೆ.

ಪಾತಿಯೂ ತೋಟವೂ

ಕಂಪ್ಯೂಟರಿನ ಲೆಕ್ಕದ ಹಾಳೆ ಹೊಸದೇನೂ ಅಲ್ಲ. ಅಮೆರಿಕದಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬಿಬ್ಬರು 1979ರಲ್ಲಿ ವಿಸಿಕ್ಯಾಲ್ಕ್ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದರು. ಇಂದು ಬಳಕೆಯಲ್ಲಿರುವ ಎಕ್ಸೆಲ್, ಹಣ ಕೊಡದೆ ಸಿಗುವ ಲಿಬ್ರೆಆಫೀಸ್ ಕ್ಯಾಲ್ಕ್, ಮೊಬೈಲಿನಲ್ಲೂ ತೆರೆಯಬಹುದಾದ ಗೂಗಲ್ ಶೀಟ್ಸ್, ಇವೆಲ್ಲ ಅದೇ ವಂಶದವು. ಮೇಲಿನಿಂದ ಕೆಳಕ್ಕೆ ಇಳಿಯುವ ಕಂಬಸಾಲುಗಳಿಗೆ ಎ, ಬಿ, ಸಿ ಎಂಬ ಅಕ್ಷರಗಳೂ ಅಡ್ಡಸಾಲುಗಳಿಗೆ 1, 2, 3 ಎಂಬ ಅಂಕಿಗಳೂ ಹೆಸರಾಗಿವೆ. ಎ ಕಂಬಸಾಲು ಮತ್ತು 2ನೇ ಅಡ್ಡಸಾಲು ಕೂಡುವ ಮನೆಗೆ ಎ2 ಎಂದು ಹೆಸರು.

ನಮ್ಮ ಉದಾಹರಣೆಗೆ ಒಬ್ಬ ಸದಸ್ಯರು ಆರು ಸಲ ತಂದ ಕಾಫಿ ಹಣ್ಣಿನ ತೂಕವನ್ನು ತೆಗೆದುಕೊಳ್ಳೋಣ. ಎ1ರಲ್ಲಿ ತಲೆಬರಹವಿದೆ. ಎ2ರಿಂದ ಎ7ರ ವರೆಗೆ ಕ್ರಮವಾಗಿ 412, 655, 980, 1240, 530, 185 ಕಿಲೋ ಎಂದಿದೆ. ಒಟ್ಟು 4002 ಕಿಲೋ. ಇವು ಸಿ2, ಎಫ್2, ಐ2, ಎಲ್2, ಓ2, ಆರ್2 ಎಂಬ ಮನೆಗಳಿಗೆ ಹೋಗಬೇಕು. ಪ್ರತಿ ತೂಕದ ಬಲಕ್ಕೆ ಎರಡು ಮನೆ ಖಾಲಿ ಉಳಿಯಬೇಕು. ಒಂದು ಆ ದಿನದ ದರಕ್ಕೆ, ಇನ್ನೊಂದು ಮೊತ್ತಕ್ಕೆ.

ನಾವು ತೋಟದಲ್ಲಿ ಮಾಡುವ ಕೆಲಸವೂ ಇದೇ. ಸಸಿಮಡಿಯಲ್ಲಿ ಅಡಿಕೆ ಸಸಿಗಳು ಒತ್ತೊತ್ತಾಗಿ ಇರುತ್ತವೆ. ಅವನ್ನು ಕಿತ್ತು ಒಂಬತ್ತು ಅಡಿಗೊಂದರಂತೆ ತೋಟದಲ್ಲಿ ನೆಡುತ್ತೇವೆ. ನಡುವಿನ ಜಾಗ ಹಾಳು ಬಿಟ್ಟದ್ದಲ್ಲ, ಅಲ್ಲಿಗೆ ಬಾಳೆಯೋ ಕೋಕೋವೋ ಬರಲಿದೆ. ಸಸಿ ನೆಡುವ ಮೊದಲು ಗಂಟು ಹಾಕಿದ ಹಗ್ಗ ಹಿಡಿದು ಗೂಟ ಹೊಡೆಯುತ್ತೇವಲ್ಲ, ಆ ಹಗ್ಗದ ಕೆಲಸವನ್ನು ಲೆಕ್ಕದ ಹಾಳೆಯಲ್ಲಿ ಸೂತ್ರ ಮಾಡುತ್ತದೆ.

ಕೈಯಿಂದ ಬರೆದರೆ

ಅತಿ ಸುಲಭವೆಂದು ತೋರುವ ದಾರಿ, ಸಿ2ರಲ್ಲಿ =ಎ2 ಎಂದೂ ಎಫ್2ರಲ್ಲಿ =ಎ3 ಎಂದೂ ಒಂದೊಂದಾಗಿ ಬರೆಯುವುದು. ಆರು ತೂಕಕ್ಕೆ ಇದು ಸಾಕು. ಇನ್ನೂರು ಸದಸ್ಯರ ಲೆಕ್ಕಕ್ಕೆ ಕುಳಿತಾಗ ಕಣ್ಣು ಸೋತು, ಒಂದು ತೂಕ ಎರಡು ಕಡೆ ಬಂದು ಇನ್ನೊಂದು ಬಿಟ್ಟೇ ಹೋಗುವುದು ಖಂಡಿತ.

ಒಂದು ಮನೆಯಲ್ಲಿ ಬರೆದು ಬಲಕ್ಕೆ ಎಳೆದರಾಗದೆ ಎಂದು ಮಕ್ಕಳು ಕೇಳುತ್ತಾರೆ. ಆಗದು. ಬಲಕ್ಕೆ ಎಳೆದಾಗ ಕಂಪ್ಯೂಟರು ಅಕ್ಷರವನ್ನು ಮುಂದಕ್ಕೆ ಸರಿಸುತ್ತದೆಯೇ ಹೊರತು ಅಂಕಿಯನ್ನಲ್ಲ. =ಎ2 ಎಂಬುದು =ಬಿ2, =ಸಿ2 ಆಗುತ್ತದೆ. ನಮಗೆ ಬೇಕಾದದ್ದು ಎ3, ಎ4. ನಾವು ಹೋಗುವುದು ಅಡ್ಡಕ್ಕೆ, ತರಬೇಕಾದದ್ದು ಕೆಳಗಿನಿಂದ. ತೊಡಕು ಇರುವುದು ಇಷ್ಟರಲ್ಲೇ.

ಸೂತ್ರವಿಲ್ಲದ ದಾರಿ

ಸೂತ್ರವೆಂದರೆ ಹಿಂಜರಿಯುವವರಿಗೆ ಒಂದು ಉಪಾಯವಿದೆ. ಇದನ್ನು ಮೂಲ ಪಟ್ಟಿಯ ಮೇಲೆ ಮಾಡದೆ, ಅದರ ನಕಲನ್ನು ಬೇರೊಂದು ಹಾಳೆಯಲ್ಲಿ ಇಟ್ಟುಕೊಂಡು ಮಾಡಬೇಕು.

ಎ2ರಿಂದ ಎ7ರ ವರೆಗಿನ ತೂಕಗಳ ಪಕ್ಕದಲ್ಲಿ, ಅಂದರೆ ಬಿ ಕಂಬಸಾಲಿನಲ್ಲಿ, 1ರಿಂದ 6ರ ವರೆಗೆ ಅಂಕಿ ಬರೆಯಿರಿ. ಅದರ ಕೆಳಗೆ, ಎ ಮನೆಗಳು ಖಾಲಿ ಇರುವಲ್ಲಿ, ಬಿ8ರಿಂದ 1.3, 2.3, 3.3 ಹೀಗೆ 6.3ರ ವರೆಗೆ ಬರೆಯಿರಿ. ಅದರ ಕೆಳಗೆ ಬಿ14ರಿಂದ 1.6, 2.6 ಹೀಗೆ 6.6ರ ವರೆಗೆ. ಈಗ ಎ2ರಿಂದ ಬಿ19ರ ವರೆಗೆ ಆಯ್ದುಕೊಂಡು, ಬಿ ಕಂಬಸಾಲಿನ ಮೇರೆಗೆ ಚಿಕ್ಕದರಿಂದ ದೊಡ್ಡದಕ್ಕೆ ಸಾರ್ಟ್ ಮಾಡಿ. 1, 1.3, 1.6, 2 ಎಂಬ ಕ್ರಮಕ್ಕೆ ಬಂದಾಗ ಪ್ರತಿ ತೂಕದ ಕೆಳಗೆ ಎರಡು ಖಾಲಿ ಮನೆಗಳು ತಾವಾಗಿಯೇ ಏರ್ಪಡುತ್ತವೆ. ಬಳಿಕ ಎ2ರಿಂದ ಎ19ರ ವರೆಗೆ ಕಾಪಿ ಮಾಡಿ, ಬರಬೇಕಾದ ಅಡ್ಡಸಾಲಿನ ಮೊದಲ ಮನೆಯನ್ನು ಒತ್ತಿ, ಪೇಸ್ಟ್ ಸ್ಪೆಷಲ್ ಎಂಬುದರಲ್ಲಿ ಟ್ರಾನ್ಸ್‌ಪೋಸ್ ಎಂಬ ಚೌಕಕ್ಕೆ ಗುರುತು ಹಾಕಿ ಅಂಟಿಸಿ. ನಿಂತಿದ್ದ ಪಟ್ಟಿ ಅಂತರಸಮೇತ ಮಲಗುತ್ತದೆ.

ಇದರಲ್ಲಿ ಒಂದು ಕೊರತೆಯುಂಟು. ಅಂಟಿಸಿದ ಅಂಕಿಗಳು ಅಂದಿಗೆ ಹೆಪ್ಪುಗಟ್ಟಿದವು. ನಾಳೆ ಗುಮಾಸ್ತರು ಮೂಲ ಪಟ್ಟಿಯಲ್ಲಿ 530ನ್ನು 550 ಎಂದು ತಿದ್ದಿದರೆ ಅಡ್ಡಸಾಲಿನಲ್ಲಿ ಹಳೆಯ 530 ಹಾಗೆಯೇ ಉಳಿಯುತ್ತದೆ. ವರ್ಷ ಮುಗಿದ ಲೆಕ್ಕಕ್ಕೆ ಈ ಕ್ರಮ ಸಾಕು, ನಡೆಯುತ್ತಿರುವ ಲೆಕ್ಕಕ್ಕೆ ಸಾಲದು.

ಸೂತ್ರದ ದಾರಿ

ಮುಂದೆ ಬರುವ ಸೂತ್ರಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿದೆ. ಕಂಪ್ಯೂಟರಿನಲ್ಲಿ ಅವೇ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಬೇಕು. ಕಾಲಮ್ ಎಂಬುದರ ಕೊನೆಯಲ್ಲಿ ಎಮ್, ಎನ್ ಎರಡೂ ಅಕ್ಷರಗಳು ಇವೆಯೆಂಬುದನ್ನು ಮರೆಯಬಾರದು.

ಎರಡು ಪದಗಳ ಅರ್ಥ ತಿಳಿದರೆ ಸಾಕು. ಕಾಲಮ್() ಎಂದರೆ, ನಾನು ಕುಳಿತಿರುವ ಮನೆ ಹಾಳೆಯ ಎಡ ಅಂಚಿನಿಂದ ಎಷ್ಟನೆಯ ಕಂಬಸಾಲಿನಲ್ಲಿದೆ ಎಂಬ ಸಂಖ್ಯೆ. ಸಿ ಎಂದರೆ 3, ಎಫ್ ಎಂದರೆ 6, ಐ ಎಂದರೆ 9. ಇಂಡೆಕ್ಸ್ ಎಂದರೆ, ಹೇಳಿದ ಪಟ್ಟಿಯಿಂದ ಹೇಳಿದಷ್ಟನೆಯದನ್ನು ಎತ್ತಿಕೊಡು ಎಂಬ ಆಜ್ಞೆ. ಡಾಲರ್ ಗುರುತು ಇರುವ ವಿಳಾಸ ಬಡಿದು ನಿಲ್ಲಿಸಿದ ಗೂಟವಿದ್ದಂತೆ, ಸೂತ್ರವನ್ನು ಎಲ್ಲಿಗೆ ನಕಲು ಮಾಡಿದರೂ ಅದು ಕದಲುವುದಿಲ್ಲ.

ಹಿಂದೆ ನಾನು ಸಿ2ರಲ್ಲಿ ಬರೆದಿದ್ದ ಸೂತ್ರ ಇದು:

=ಇಂಡೆಕ್ಸ್($ಎ$2:$ಎ$7,ಕಾಲಮ್()/3)

ಸಿ 3ನೆಯದು, ಮೂರರಿಂದ ಭಾಗಿಸಿದರೆ 1, ಆದ್ದರಿಂದ ಮೊದಲ ತೂಕ. ಎಫ್ 6ನೆಯದು, ಭಾಗಿಸಿದರೆ 2, ಎರಡನೆಯ ತೂಕ. ಬಹಳ ಅಚ್ಚುಕಟ್ಟಾಗಿದೆಯೆಂದು ಆಗ ನನಗೂ ಹೆಮ್ಮೆಯಾಗಿತ್ತು.

ನನ್ನಿಂದಾದ ತಪ್ಪು

ಕೆಲವು ವರ್ಷಗಳ ಹಿಂದಿನ ಮಾತು. ಹೀಗೆ ಸಿದ್ಧಪಡಿಸಿದ ನಮೂನೆಯಲ್ಲಿ ಸದಸ್ಯರ ಸಂಖ್ಯೆ, ಹೆಸರು, ಊರು ಇವಕ್ಕೆ ಜಾಗವಿಲ್ಲವೆಂದು ಕಂಡು, ಹಾಳೆಯ ಮುಂಭಾಗದಲ್ಲಿ ಮೂರು ಹೊಸ ಕಂಬಸಾಲುಗಳನ್ನು ಸೇರಿಸಿದೆ. ಹಾಳೆ ನೋಡಲು ಸರಿಯಾಗಿಯೇ ಇತ್ತು. ಕೊನೆಯ ತೂಕದ ಮನೆಯಲ್ಲಿ ಮಾತ್ರ ದೋಷಸೂಚಕ ಗುರುತೊಂದು ಬಂದಿತ್ತು. ಏನೋ ಉಳಿಕೆ ಇರಬೇಕೆಂದು ಅದನ್ನು ಅಳಿಸಿದೆ. ಆ ನಮೂನೆಯನ್ನೇ ಎಲ್ಲರಿಗೂ ಬಳಸಿ, ಕಾಗದ ಅಚ್ಚು ಮಾಡಿ ಹಂಚಿದ್ದಾಯಿತು.

ನಾಲ್ಕು ದಿನ ಕಳೆದು ವಯಸ್ಸಾದ ಸದಸ್ಯೆಯೊಬ್ಬರು ಕಚೇರಿಗೆ ಬಂದರು. ಸೆರಗಿನ ಗಂಟಿನಿಂದ ತೂಕದ ಚೀಟಿಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟು, "ಸೆಕ್ರೆಟ್ರಿಯವರೇ, ನನ್ನ ಹತ್ರ ಆರು ಚೀಟಿ ಇದಾವೆ. ನಿಮ್ಮ ಕಾಗದದಲ್ಲಿ ಐದೇ ಸಲ ಬರ್ದಿದ್ದೀರಿ. ಮೊದಲನೇ ದಿನ ತಂದ ಹಣ್ಣು ಎಲ್ಲೋಯ್ತು?" ಎಂದು ಕೇಳಿದರು.

"ಕೂತ್ಕೊಳ್ಳಿ ಅಮ್ಮಾ, ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇರಬೇಕು, ನೋಡ್ತೇನೆ" ಎಂದೆ. ನೋಡಿದಾಗ ಸರಿಯಾಗಿರಲಿಲ್ಲ.

ಆದದ್ದೇನು? ಮೂರು ಕಂಬಸಾಲು ಮುಂದೆ ಸೇರಿದ್ದರಿಂದ ಸಿ ಇದ್ದದ್ದು ಎಫ್ ಆಯಿತು. ಅದರ ಸಂಖ್ಯೆ 3 ಹೋಗಿ 6 ಆಯಿತು. ಭಾಗಿಸಿದರೆ 1ರ ಬದಲು 2. ಮೊದಲ ತೂಕ ಇರಬೇಕಾದ ಮನೆಗೆ ಎರಡನೆಯದು ಬಂತು, ಎರಡನೆಯದರ ಮನೆಗೆ ಮೂರನೆಯದು. ಕೊನೆಯ ಮನೆ ಏಳನೆಯ ತೂಕವನ್ನು ಕೇಳಿತು, ಏಳನೆಯದು ಇಲ್ಲವಾದ್ದರಿಂದ ದೋಷ ತೋರಿಸಿತು. ಆ ಒಂದೇ ಒಂದು ಎಚ್ಚರಿಕೆಯನ್ನು ನಾನು ಅಳಿಸಿಬಿಟ್ಟಿದ್ದೆ. ಮೇಲಿನ ಉದಾಹರಣೆಯ ಅಂಕಿಗಳಲ್ಲೇ ಹೇಳುವುದಾದರೆ 4002 ಕಿಲೋ ಇದ್ದದ್ದು 3590 ಆಗಿ, ಮೊದಲ ದಿನದ 412 ಕಿಲೋ ಮಾಯವಾಗಿತ್ತು. ಅಷ್ಟೇ ಅಲ್ಲ, ಪ್ರತಿ ತೂಕದ ಪಕ್ಕದಲ್ಲಿ ಹಿಂದಿನ ಸಲದ ದರ ಕುಳಿತಿತ್ತು. ಒಂದೆರಡು ಕಂಬಸಾಲು ಮಾತ್ರ ಸೇರಿಸಿದ್ದರೆ ತಪ್ಪು ಆಗುತ್ತಿರಲಿಲ್ಲವೆಂಬುದು ಇದರ ಸೋಜಿಗ. 4ನ್ನಾಗಲಿ 5ನ್ನಾಗಲಿ ಮೂರರಿಂದ ಭಾಗಿಸಿ ಬರುವ ಭಿನ್ನರಾಶಿಯನ್ನು ಇಂಡೆಕ್ಸ್ ಕತ್ತರಿಸಿ 1 ಎಂದೇ ತಿಳಿಯುತ್ತದೆ. ಹೀಗಾಗಿ, ಹಿಂದೊಮ್ಮೆ ಒಂದು ಸಾಲು ಸೇರಿಸಿ ಏನೂ ಆಗದ್ದನ್ನು ಕಂಡು ನಾನು ಧೈರ್ಯದಿಂದಿದ್ದೆ.

ಎಲ್ಲ ಸದಸ್ಯರ ಕಾಗದಗಳನ್ನೂ ಹಿಂದಕ್ಕೆ ತರಿಸಿ, ಎರಡು ರಾತ್ರಿ ಕುಳಿತು ಸರಿಪಡಿಸಿ, ನಡೆದದ್ದನ್ನು ಆಡಳಿತ ಮಂಡಳಿಯ ಸಭೆಯಲ್ಲಿ ನಾನೇ ಹೇಳಿ ನಡವಳಿಯಲ್ಲಿ ಬರೆಸಿದೆ. ಹಣ ಬಟವಾಡೆಯಾಗುವ ಮೊದಲೇ ಗೊತ್ತಾಯಿತೆಂಬುದು ಪುಣ್ಯ. ಅದು ಗೊತ್ತಾದದ್ದು ಕಂಪ್ಯೂಟರಿನಿಂದಲ್ಲ, ಸೆರಗಿನ ಗಂಟಿನಲ್ಲಿದ್ದ ಆರು ಚೀಟಿಗಳಿಂದ.

ತಿದ್ದಿದ ಸೂತ್ರ

ತೋಟದ ಮಾತಿನಲ್ಲಿ ಹೇಳುವುದಾದರೆ, ನಾನು ಹಗ್ಗವನ್ನು ಮೊದಲ ಗೂಟದಿಂದ ಅಳೆಯದೆ ಬೇಲಿಯಿಂದ ಅಳೆದಿದ್ದೆ. ಬೇಲಿಯನ್ನು ಆಚೆಗೆ ಸರಿಸಿದೊಡನೆ ಎಲ್ಲ ಗುಣಿಗಳ ಅಳತೆಯೂ ತಪ್ಪಿತು. ಆದ್ದರಿಂದ ಅಳತೆ ಮೊದಲ ಗೂಟದಿಂದಲೇ ಆಗಬೇಕು. ಈಗ ನಾವು ಬಳಸುವ ಕ್ರಮ ಹೀಗಿದೆ.

ಮೊದಲು ಸಿ1, ಡಿ1, ಇ1 ಮನೆಗಳಲ್ಲಿ ತೂಕ, ದರ, ಮೊತ್ತ ಎಂದು ತಲೆಬರಹ ಬರೆಯಿರಿ. ಸಿ2ರಲ್ಲಿ ಈ ಸೂತ್ರ ಬರೆಯಿರಿ:

=ಇಂಡೆಕ್ಸ್($ಎ$2:$ಎ$40,(ಕಾಲಮ್()-ಕಾಲಮ್($ಸಿ$1))/3+1)

ಡಿ2 ಖಾಲಿ ಇರಲಿ, ಅದು ದರದ ಮನೆ. ಇ2ರಲ್ಲಿ =ಸಿ2*ಡಿ2 ಎಂದು ಬರೆಯಿರಿ. ಈಗ ಸಿ1ರಿಂದ ಇ2ರ ವರೆಗಿನ ಆರು ಮನೆಗಳನ್ನು ಒಟ್ಟಾಗಿ ಆಯ್ದು ಕಾಪಿ ಮಾಡಿ, ಎಫ್1ರಿಂದ ಟಿ2ರ ವರೆಗೆ ಆಯ್ದುಕೊಂಡು ಅಂಟಿಸಿ. ಮೂರು ಮೂರು ಮನೆಗಳ ಗುಂಪು ಐದು ಸಲ ಮರುಕಳಿಸಿ, ತಲೆಬರಹ, ತೂಕ, ದರದ ಖಾಲಿ ಮನೆ, ಮೊತ್ತದ ಲೆಕ್ಕ ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಬರುತ್ತವೆ. ಒಂದೊಂದು ಮನೆಯನ್ನು ಬೇರೆ ಬೇರೆಯಾಗಿ ನಕಲು ಮಾಡದೆ ಗುಂಪನ್ನೇ ನಕಲು ಮಾಡುವುದು ಇದರ ಗುಟ್ಟು.

ಐ2ರಲ್ಲಿ ಏನು ಬರುತ್ತದೆಂದು ಪರೀಕ್ಷಿಸೋಣ. ಐ 9ನೆಯ ಕಂಬಸಾಲು, ಸಿ 3ನೆಯದು. ಕಳೆದರೆ 6, ಮೂರರಿಂದ ಭಾಗಿಸಿದರೆ 2, ಒಂದು ಕೂಡಿಸಿದರೆ 3. ಮೂರನೆಯ ತೂಕ 980 ಅಲ್ಲಿಗೆ ಬರುತ್ತದೆ. ಮುಂಭಾಗದಲ್ಲಿ ಎಷ್ಟು ಕಂಬಸಾಲು ಸೇರಿಸಿದರೂ ಮೊದಲ ಗೂಟವೂ ಜೊತೆಯಲ್ಲೇ ಸರಿಯುವುದರಿಂದ ಅಂತರ ಕೆಡುವುದಿಲ್ಲ. ಆದರೆ ಗುಂಪುಗಳ ನಡುವೆ ಹೊಸ ಕಂಬಸಾಲನ್ನು ತೂರಿಸಬಾರದು. ಹಗ್ಗದ ನಡುವೆ ತುಂಡು ಸೇರಿಸಿದರೆ ಯಾವ ಅಳತೆಯೂ ಉಳಿಯದು.

ನಡುವಿನ ಮನೆಗಳು ಖಾಲಿ ಕಂಡರೆ ಸಾಕು, ಅಲ್ಲಿ ಲೆಕ್ಕವೇನೂ ಇಲ್ಲ ಎನ್ನುವವರು ಒಂದೇ ಸೂತ್ರವನ್ನು ಎಲ್ಲ ಮನೆಗಳಿಗೂ ಎಳೆಯಬಹುದು:

=ಇಫ್(ಮಾಡ್(ಕಾಲಮ್()-ಕಾಲಮ್($ಸಿ$1),3)=0,ಇಂಡೆಕ್ಸ್($ಎ$2:$ಎ$40,(ಕಾಲಮ್()-ಕಾಲಮ್($ಸಿ$1))/3+1),"")

ಮಾಡ್ ಎಂದರೆ ಭಾಗಿಸಿ ಉಳಿಯುವ ಶೇಷ. ಶೇಷ ಸೊನ್ನೆಯಾದ ಮನೆಯಲ್ಲಿ ತೂಕ ಬರುತ್ತದೆ, ಉಳಿದವು ಬರಿದಾಗಿ ಕಾಣುತ್ತವೆ. ಕಾಣುವುದಷ್ಟೇ, ನಿಜಕ್ಕೂ ಖಾಲಿಯಲ್ಲ, ಒಳಗೆ ಸೂತ್ರವಿರುತ್ತದೆ. ಅಂಥ ಮನೆಯನ್ನು ಗುಣಾಕಾರಕ್ಕೆ ತೆಗೆದುಕೊಂಡರೆ ದೋಷ ಬರುತ್ತದೆ. ಹಣದ ಲೆಕ್ಕಕ್ಕೆ ಮೊದಲು ಹೇಳಿದ ಗುಂಪಿನ ಕ್ರಮವೇ ಮೇಲು.

ತಾಳೆ ಮನೆ

ಸೂತ್ರ ಎಷ್ಟೇ ಸರಿಯಿರಲಿ, ತಾಳೆ ನೋಡುವ ಮನೆಯೊಂದು ಇರಲೇಬೇಕು. ನಿಂತ ಪಟ್ಟಿಯ ಮೊತ್ತದಿಂದ ಮಲಗಿದ ಸಾಲಿನ ತೂಕಗಳ ಮೊತ್ತವನ್ನು ಕಳೆದರೆ ಸೊನ್ನೆ ಬರಬೇಕು. ಅಡ್ಡಸಾಲಿನಲ್ಲಿ ದರ, ಮೊತ್ತಗಳೂ ಬೆರೆತಿರುವುದರಿಂದ ಸುಮ್ಮನೆ ಕೂಡಿಸುವಂತಿಲ್ಲ. ತಲೆಬರಹದಲ್ಲಿ ತೂಕ ಎಂದಿರುವವನ್ನು ಮಾತ್ರ ಕೂಡಿಸಬೇಕು. ವಿ2ರಲ್ಲಿ ಹೀಗೆ ಬರೆಯಿರಿ:

=ಸಮ್($ಎ$2:$ಎ$40)-ಸಮ್‌ಇಫ್($ಸಿ$1:$ಟಿ$1,"ತೂಕ",$ಸಿ$2:$ಟಿ$2)

ಸದಸ್ಯರು ಏಳನೆಯ ಸಲ ಹಣ್ಣು ತಂದು ಅದು ಎ8ರಲ್ಲಿ ದಾಖಲಾಗಿ, ಅಡ್ಡಸಾಲಿನಲ್ಲಿ ಏಳನೆಯ ಗುಂಪು ಸೇರಿಸದೆ ಬಿಟ್ಟಿದ್ದರೆ, ಬಿಟ್ಟುಹೋದ ತೂಕವೇ ಈ ಮನೆಯಲ್ಲಿ ಎದ್ದು ತೋರುತ್ತದೆ. ಗುಂಪು ಸೇರಿಸುವ ಮೊದಲು ಈ ತಾಳೆ ಮನೆಯನ್ನು ಬಲಕ್ಕೆ ಸರಿಸಿ, ಸೂತ್ರದಲ್ಲಿರುವ ಟಿ ಎಂಬುದನ್ನೂ ಮುಂದಕ್ಕೆ ಒಯ್ಯಬೇಕು. ಪಟ್ಟಿಯನ್ನು ಎ40ರ ವರೆಗೆ ಉದ್ದ ಹಿಡಿದಿರುವುದರಿಂದ, ಇಲ್ಲದ ತೂಕವನ್ನು ಕೇಳಿದಾಗ ದೋಷದ ಗುರುತು ಬಾರದೆ ಬರೀ ಸೊನ್ನೆ ಬರುತ್ತದೆ. ಆದ್ದರಿಂದ ತಾಳೆ ಮನೆಯಿಲ್ಲದೆ ಈ ಸೂತ್ರವನ್ನು ಬಳಸಬೇಡಿರೆಂದು ಕಳಕಳಿಯಿಂದ ಹೇಳುತ್ತೇನೆ.

ಅಡಿಕೆ ಬೆಳೆಗಾರರಿಗೆ, ಮಳೆ ಪುಸ್ತಕ ಇಡುವವರಿಗೆ

ಸೂತ್ರದಲ್ಲಿರುವ 3 ಎಂಬುದು ಗುಂಪಿನ ಅಗಲ. ಅದನ್ನು ಬೇಕಾದಂತೆ ಬದಲಿಸಿಕೊಳ್ಳಬಹುದು. ಕೆಂಪಡಿಕೆ ಮಾಡುವವರು ಪ್ರತಿ ಕೊಯ್ಲಿನ ಒಣ ಅಡಿಕೆಯ ಒಟ್ಟು ತೂಕವನ್ನು ಒಂದು ಮನೆಯಲ್ಲಿ, ಅದರಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ಎಷ್ಟೆಷ್ಟು ಎಂಬುದನ್ನು ಮುಂದಿನ ನಾಲ್ಕು ಮನೆಗಳಲ್ಲಿ ಬರೆಯುವುದಾದರೆ ಗುಂಪಿನ ಅಗಲ 5. ಆಗ 3 ಇದ್ದಲ್ಲಿ 5 ಬರೆದು, ಐದೈದು ಮನೆಗಳ ಗುಂಪನ್ನು ನಕಲು ಮಾಡಬೇಕು.

ಮಳೆಯ ಲೆಕ್ಕಕ್ಕೂ ಇದೇ ಹಗ್ಗ. ಜನವರಿಯಿಂದ ಡಿಸೆಂಬರಿನ ವರೆಗೆ ಕೆಳಮುಖವಾಗಿ ಬರೆದ ಹನ್ನೆರಡು ತಿಂಗಳ ಮಳೆಯನ್ನು, ಪ್ರತಿ ತಿಂಗಳ ಪಕ್ಕದಲ್ಲಿ ಹಿಂದಿನ ವರ್ಷದ ಅಂಕಿ ಬರೆಯಲು ಒಂದು ಮನೆ ಬಿಟ್ಟು ಅಡ್ಡಲಾಗಿ ಇಟ್ಟರೆ, ಹೂಮಳೆ ಯಾವ ವರ್ಷ ಎಷ್ಟು ಬಂತೆಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಆಗ ಅಗಲ 2. ಸಿಯಿಂದ ಶುರುವಾದರೆ ಡಿಸೆಂಬರಿನ ಮಳೆ ವೈ ಕಂಬಸಾಲಿಗೆ ಬರುತ್ತದೆ. ಇಲ್ಲಿ ಒಂದು ಎಚ್ಚರಿಕೆ. ನಮ್ಮಲ್ಲಿ ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುವುದು ವಾಡಿಕೆ. ಇಂಚಿಗೆ ನೂರು ಸೆಂಟು. ಐದಿಂಚು ಎಂಟು ಸೆಂಟು ಎಂಬುದನ್ನು 5.08 ಎಂದು ಬರೆಯಬೇಕೇ ಹೊರತು 5.8 ಎಂದಲ್ಲ. 5.8 ಎಂದರೆ ಐದಿಂಚು ಎಂಬತ್ತು ಸೆಂಟಾಯಿತು. ಇಂಥ ತಪ್ಪನ್ನು ಯಾವ ತಾಳೆ ಮನೆಯೂ ಹಿಡಿಯದು.

ನೆನಪಿಡಬೇಕಾದವು

1. ಮೂಲ ಪಟ್ಟಿಯನ್ನು ಎಂದೂ ಮುಟ್ಟಬಾರದು. ಸಾರ್ಟ್ ಮಾಡುವುದು, ಕತ್ತರಿಸುವುದು ಎಲ್ಲ ನಕಲಿನ ಮೇಲೆ.

2. ಕೊನೆಯ ಮನೆಯಲ್ಲಿ ದೋಷದ ಗುರುತು ಬಂದರೆ ಅಳಿಸುವ ಮೊದಲು ಕಾರಣ ಹುಡುಕಬೇಕು.

3. ಅಚ್ಚು ಮಾಡುವ ಮೊದಲು ಮೊದಲನೆಯ ತೂಕ, ನಡುವಿನ ಒಂದು, ಕೊನೆಯದು, ಈ ಮೂರನ್ನು ಚೀಟಿಯೊಂದಿಗೆ ಹೋಲಿಸಬೇಕು.

4. ತಾಳೆ ಮನೆ ಸೊನ್ನೆಯಲ್ಲದಿದ್ದರೆ ಕಾಗದ ಹೊರಗೆ ಹೋಗಬಾರದು.

ಈ ವರ್ಷದಿಂದ ಸದಸ್ಯರಿಗೆ ಕೊಡುವ ಲೆಕ್ಕದ ಕಾಗದದ ಕೆಳಗೆ ತಾಳೆ ಮನೆಯ ಅಂಕಿಯನ್ನೂ ಅಚ್ಚು ಮಾಡಲಾಗುವುದು. ಅಲ್ಲಿ ಸೊನ್ನೆಯ ಹೊರತು ಬೇರೇನಾದರೂ ಕಂಡರೆ ದಯವಿಟ್ಟು ಸಹಿ ಹಾಕದೆ ನೇರವಾಗಿ ನನ್ನಲ್ಲಿಗೆ ತನ್ನಿರಿ. ಸೊನ್ನೆ ಇದ್ದರೂ ತೂಕದ ಚೀಟಿಗಳನ್ನು ಎಸೆಯಬೇಡಿರಿ. ಗುಮಾಸ್ತರು ಮೊದಲೇ ತಪ್ಪು ಬರೆದುಕೊಂಡಿದ್ದರೆ ನಿಂತ ಪಟ್ಟಿ, ಮಲಗಿದ ಸಾಲು ಎರಡೂ ಒಂದೇ ತಪ್ಪನ್ನು ಹೇಳುತ್ತವೆ. ಅದನ್ನು ಹೇಳಬಲ್ಲದ್ದು ನಿಮ್ಮ ಚೀಟಿಯೊಂದೇ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಮೇಲಿನ ಆರು ತೂಕಗಳನ್ನು ಕೊಟ್ಟು ಒಮ್ಮೆ ಮಾಡಿ ನೋಡಲು ಹೇಳಿರಿ, ಅರ್ಧ ಗಂಟೆಯ ಕೆಲಸ. ತೊಡಕು ಬಂದಲ್ಲಿ ಕಚೇರಿ ವೇಳೆಯಲ್ಲಿ ಬಂದರೆ ಜೊತೆಗೆ ಕುಳಿತು ತೋರಿಸಿಕೊಡಲು ಸಿದ್ಧನಿದ್ದೇನೆ.

ಇಂತು ತಮ್ಮ ವಿಶ್ವಾಸಿ,
ಕಾರ್ಯದರ್ಶಿ